ಡಬ್ಬಿಯ ಮುಂದೆ ಹೇಳುವುದು, ಹಿಂದೆ ಒಪ್ಪಿಕೊಳ್ಳುವುದು

ಏಳೂಮುಕ್ಕಾಲಿಗೆ ಶಾಲೆಯ ವ್ಯಾನು ಬಂದು ಹಾರ್ನ್ ಹೊಡೆಯುವ ಮನೆಗೆ ಸೀರಿಯಲ್ ಡಬ್ಬಿ ಯಾಕೆ ಬಂತು ಎಂದು ಕೇಳಬೇಕಾಗಿಲ್ಲ. ರುಬ್ಬುವ ಕೆಲಸವಿಲ್ಲ, ಒಗ್ಗರಣೆ ಇಲ್ಲ, ತೊಳೆಯುವುದು ಒಂದೇ ಬಟ್ಟಲು. ಅದನ್ನು ತಿನ್ನಬೇಡಿ ಎನ್ನುವುದು ನನ್ನ ವಾದವಲ್ಲ. ಆದರೆ ಸೂಪರ್ ಮಾರ್ಕೆಟ್ಟಿನಲ್ಲಿ ಆ ಸಾಲಿನ ಮುಂದೆ ನಿಂತವರ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ಒಂದು ವಿಷಯ ಗೊತ್ತಾಗುತ್ತದೆ. ಹೆಚ್ಚಿನವರು ಡಬ್ಬಿಯನ್ನು ಆರಿಸುವುದು ಅದರ ಮುಖ ನೋಡಿ. ಮುಂಭಾಗವನ್ನು ಬರೆಯುವುದು ಕಂಪನಿಯ ಮಾರಾಟ ವಿಭಾಗ; ಹಿಂಭಾಗವನ್ನು ಬರೆಸುವುದು ಕಾನೂನು. ಸೀರಿಯಲ್ ಬಗ್ಗೆ ನಮ್ಮಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆಗಳೆಲ್ಲ ಹೆಚ್ಚುಕಡಿಮೆ ಮುಂಭಾಗದಿಂದಲೇ ಬಂದವು.

“ಸೀರಿಯಲ್ ಹುಟ್ಟಿದ್ದೇ ಆರೋಗ್ಯಕ್ಕಾಗಿ ಅಲ್ವಾ?”

ಹುಟ್ಟಿದ್ದು ಹೌದು. 1863ರಲ್ಲಿ ಅಮೆರಿಕದ ಜೇಮ್ಸ್ ಕ್ಯಾಲೆಬ್ ಜಾಕ್ಸನ್ ತನ್ನ ಆರೋಗ್ಯಧಾಮದ ರೋಗಿಗಳಿಗಾಗಿ ‘ಗ್ರಾನುಲಾ’ ಎಂಬುದನ್ನು ಮಾಡಿದ. ರಾತ್ರಿಯಿಡೀ ನೆನೆಸದಿದ್ದರೆ ಹಲ್ಲಿಗೆ ಬಗ್ಗದಷ್ಟು ಗಟ್ಟಿ. ಸಕ್ಕರೆಯ ಸುಳಿವೂ ಇರಲಿಲ್ಲ. 1894ರಲ್ಲಿ ಮಿಷಿಗನ್ನಿನ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದಲ್ಲಿ ಕೆಲ್ಲಾಗ್ ಸಹೋದರರು ಬೇಯಿಸಿದ ಗೋಧಿಯನ್ನು ಲಟ್ಟಿಸಿ ಹುರಿದು ಹಪ್ಪಳದಂಥ ಚೂರು ಮಾಡಿದರು. ಅದೂ ರೋಗಿಗಳ ಸಪ್ಪೆ ಪಥ್ಯವೇ. ಅಣ್ಣ ಜಾನ್ ಹಾರ್ವೆ ವೈದ್ಯ, ಸಕ್ಕರೆಯ ಕಡುವೈರಿ. ತಮ್ಮ ವಿಲ್ ಕೀತ್ ವ್ಯಾಪಾರ ಬಲ್ಲವನು. ಜೋಳದ ಚೂರಿಗೆ ಸಕ್ಕರೆ ಹಾಕಿದರೆ ಊರೆಲ್ಲ ಕೊಳ್ಳುತ್ತದೆ ಎಂಬುದು ಅವನ ಲೆಕ್ಕ. 1906ರಲ್ಲಿ ಅವನು ತನ್ನದೇ ಕಂಪನಿ ತೆರೆದ. ಅಣ್ಣತಮ್ಮಂದಿರ ಜಗಳ ಕೋರ್ಟಿನವರೆಗೂ ಹೋಯಿತು. ಯಾರ ಲೆಕ್ಕ ಗೆದ್ದಿತು ಎನ್ನುವುದಕ್ಕೆ ಇಂದಿನ ಅಂಗಡಿಯ ಸಾಲೇ ಸಾಕ್ಷಿ.

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕಂಪನಿಗಳು ಮಕ್ಕಳ ಬೆನ್ನು ಹತ್ತಿದವು. ಆಗ ಸಕ್ಕರೆ ನಾಚಿಕೆಯ ವಿಷಯವಾಗಿರಲಿಲ್ಲ, ಹೆಸರಿನಲ್ಲೇ ಇರುತ್ತಿತ್ತು: 1952ರಲ್ಲಿ ‘ಶುಗರ್ ಫ್ರಾಸ್ಟೆಡ್ ಫ್ಲೇಕ್ಸ್’, ಮರುವರ್ಷ ‘ಶುಗರ್ ಸ್ಮ್ಯಾಕ್ಸ್’. ಎಂಬತ್ತರ ದಶಕದಲ್ಲಿ ತಾಯಂದಿರು ಸಕ್ಕರೆಗೆ ಹೆದರತೊಡಗಿದಾಗ ಮೊದಲನೆಯದು ಹೆಸರಿನಿಂದ ‘ಶುಗರ್’ ಕೈಬಿಟ್ಟಿತು, ಎರಡನೆಯದು ‘ಹನಿ ಸ್ಮ್ಯಾಕ್ಸ್’ ಆಯಿತು. ಹೆಸರಿನಿಂದ ಹೋದ ಸಕ್ಕರೆ ಡಬ್ಬಿಯೊಳಗೆ ಹಾಯಾಗಿಯೇ ಇತ್ತು. ಕೆಲ್ಲಾಗ್ ಭಾರತಕ್ಕೆ ಬಂದದ್ದು 1994ರಲ್ಲಿ. ಅಮೆರಿಕದ ಕಾರ್ನ್ ಫ್ಲೇಕ್ಸ್ ತಣ್ಣನೆ ಹಾಲಿಗೆಂದು ಮಾಡಿದ್ದು. ನಾವು ಬಿಸಿ ಹಾಲು ಸುರಿದೆವು, ಅದು ಗಂಜಿಯಾಯಿತು. ಕಂಪನಿ ನಮ್ಮ ಅಭ್ಯಾಸ ಕಲಿಯಲು ಕೆಲವು ವರ್ಷ ಬೇಕಾದವು. ನಾವು ಸಿಹಿಗೆ ಒಗ್ಗಲು ಅಷ್ಟು ಕಾಲ ಬೇಕಾಗಲಿಲ್ಲ.

“ಶುಗರ್ ಕಮ್ಮಿ ಅಂತ ದೊಡ್ಡದಾಗಿ ಬರೆದಿದ್ದಾರಲ್ಲ”

ಇಲ್ಲಿ ಪದಗಳನ್ನು ಬಿಡಿಸಿ ನೋಡಬೇಕು. ಒಂದೊಂದಕ್ಕೂ ಕಾನೂನಿನಲ್ಲಿ ಒಂದೊಂದು ಅರ್ಥ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2018ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಘನ ಆಹಾರವನ್ನು ‘ಲೋ ಶುಗರ್’ ಎಂದು ಕರೆಯಬೇಕಾದರೆ 100 ಗ್ರಾಮಿನಲ್ಲಿ ಸಕ್ಕರೆ 5 ಗ್ರಾಂ ಮೀರಬಾರದು. ‘ಶುಗರ್ ಫ್ರೀ’ ಎನ್ನಲು 0.5 ಗ್ರಾಂ ಮೀರಬಾರದು. ಇವೆರಡೂ ಗಟ್ಟಿ ಮಾತುಗಳು.

‘30% ಲೆಸ್ ಶುಗರ್’ ಎನ್ನುವುದು ಹಾಗಲ್ಲ. ಅದು ಬರೀ ಹೋಲಿಕೆ. ಮೊದಲು 32 ಗ್ರಾಂ ಇದ್ದದ್ದು ಈಗ 22 ಆಗಿದ್ದರೂ ಈ ಮಾತು ನಿಜವೇ. ಆದರೆ 22 ಗ್ರಾಂ ಎಂದರೆ ಐದು ಚಮಚಕ್ಕೂ ಮೇಲೆ. ‘ನೋ ಆಡೆಡ್ ಶುಗರ್’ ಇನ್ನೊಂದು ಬಗೆ: ಹೊರಗಿನಿಂದ ಸಕ್ಕರೆ ಹಾಕಿಲ್ಲ, ಆದರೆ ಒಣದ್ರಾಕ್ಷಿಯದೋ ಹಾಲಿನ ಪುಡಿಯದೋ ಸಕ್ಕರೆ ಒಳಗಿರಬಹುದು. ಹಿಂಭಾಗದಲ್ಲಿ ‘ಟೋಟಲ್ ಶುಗರ್ಸ್’, ‘ಆಡೆಡ್ ಶುಗರ್ಸ್’ ಎಂದು ಎರಡು ಸಾಲು ಇರುವುದು ಇದಕ್ಕೇ. ಎರಡರ ನಡುವಿನ ಅಂತರ ಹಣ್ಣು ಅಥವಾ ಹಾಲಿನದು. ಕಣ್ಣಿಡಬೇಕಾದದ್ದು ಎರಡನೇ ಸಾಲಿನ ಮೇಲೆ.

ಬಾಯಿಗೆ ಸಿಹಿ, ಲೇಬಲ್ಲಿನಲ್ಲಿ ಸಕ್ಕರೆ ಸೊನ್ನೆ ಎಂದಾದರೆ ಪದಾರ್ಥಗಳ ಪಟ್ಟಿಯಲ್ಲಿ ಐಎನ್‌ಎಸ್ 955 ಅಥವಾ 960 ಹುಡುಕಿ. ಮೊದಲನೆಯದು ಸುಕ್ರಲೋಸ್, ಎರಡನೆಯದು ಸ್ಟೀವಿಯಾ ಎಲೆಯಿಂದ ತೆಗೆದದ್ದು. ತೂಕ ಇಳಿಸಲೆಂದು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲಿ ಸಲಹೆ ನೀಡಿತು. ಮೊದಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತು. ಮಕ್ಕಳ ವಿಷಯದಲ್ಲಿ ನನ್ನ ಅಭಿಪ್ರಾಯ ಸರಳ: ಬೆಳಿಗ್ಗೆ ಎದ್ದೊಡನೆ ಸಿಹಿಯೇ ಬೇಕೆನ್ನುವ ನಾಲಗೆಯನ್ನು ಇವು ಹಾಗೇ ಉಳಿಸುತ್ತವೆ.

“ಒಂದು ಸರ್ವಿಂಗ್‌ಗೆ 9 ಗ್ರಾಂ, 18 ಪರ್ಸೆಂಟ್ ಅಷ್ಟೇ”

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಂತು ಲೆಕ್ಕ ಹಾಕೋಣ. 100 ಗ್ರಾಮಿಗೆ 30 ಗ್ರಾಂ ಸಕ್ಕರೆ ಇರುವ ಒಂದು ಚಾಕೊಲೇಟ್ ಸೀರಿಯಲ್ ತೆಗೆದುಕೊಳ್ಳಿ. ಮಕ್ಕಳ ಸಾಲಿನಲ್ಲಿ ಇಂಥದ್ದು ಅಪರೂಪವಲ್ಲ. ಡಬ್ಬಿಯ ಮೇಲೆ ಒಂದು ಸರ್ವಿಂಗ್ ಎಂದರೆ 30 ಗ್ರಾಂ ಎಂದಿರುತ್ತದೆ. ಅದರಲ್ಲಿ ಸಕ್ಕರೆ 9 ಗ್ರಾಂ. ಪಕ್ಕದ ಅಂಕಣದಲ್ಲಿ ‘ಆರ್‌ಡಿಎ 18%’, ಅಂದರೆ ದಿನಕ್ಕೆ ಶಿಫಾರಸು ಮಾಡಿದ ಪ್ರಮಾಣದಲ್ಲಿ ಇಷ್ಟು ಪಾಲು.

ಮೊದಲ ಎಡವು, ಆ 30 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ. ದೊಡ್ಡ ಬಟ್ಟಲಿಗೆ ಹಾಕಿದರೆ 30 ಗ್ರಾಂ ಎಷ್ಟು ಕಮ್ಮಿ ಎಂದು ಕಾಣುತ್ತದೆ. ಹಸಿದ ಹುಡುಗನೊಬ್ಬ ಕೈಯಾರೆ ಸುರಿದುಕೊಂಡರೆ ಐವತ್ತು ಗ್ರಾಂ ಸಲೀಸಾಗಿ ದಾಟುತ್ತದೆ. ಆಗ ಸಕ್ಕರೆ 9 ಅಲ್ಲ, 15 ಗ್ರಾಂ.

ಎರಡನೆಯದು ಇನ್ನೂ ನುಣುಪು. ಆ 18 ಶೇಕಡಾ ಯಾವುದರ ಶೇಕಡಾ? ನಮ್ಮ ಲೇಬಲ್ ನಿಯಮ ದಿನಕ್ಕೆ 2000 ಕಿಲೋ ಕ್ಯಾಲರಿ ತಿನ್ನುವ ವಯಸ್ಕರನ್ನು ಇಟ್ಟುಕೊಂಡು, ಸೇರಿಸಿದ ಸಕ್ಕರೆಗೆ 50 ಗ್ರಾಂ ಮಿತಿ ಎಂದು ಲೆಕ್ಕ ಹಾಕುತ್ತದೆ. ಇದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮೇಲಿನ ಗೆರೆ, ಒಟ್ಟು ಶಕ್ತಿಯ ಶೇಕಡಾ 10. ಅದೇ ಸಂಸ್ಥೆ ಶೇಕಡಾ 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು ಎಂದಿತ್ತು. ವಯಸ್ಕರಿಗೆ ಅದು ಸುಮಾರು 25 ಗ್ರಾಂ, ಆರು ಚಮಚ. ಈಗ ಡಬ್ಬಿಯ ಮೇಲೆ ನಗುತ್ತಿರುವ ಕಾರ್ಟೂನು ಯಾರನ್ನು ಕರೆಯುತ್ತಿದೆ ನೋಡಿ. ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 1360 ಕಿಲೋ ಕ್ಯಾಲರಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ವರದಿ ಹೇಳುತ್ತದೆ. ಅದರ ಶೇಕಡಾ 5 ಎಂದರೆ 17 ಗ್ರಾಂ ಸಕ್ಕರೆ. ಅಂದರೆ ಲೇಬಲ್ಲಿನಲ್ಲಿ 18% ಎಂದು ಕಾಣುವ ಆ 9 ಗ್ರಾಂ ಮಗುವಿನ ಪಾಲಿಗೆ ಅರ್ಧ ದಿನದ ಕೋಟಾ. ಸುರಿದದ್ದು ಐವತ್ತು ಗ್ರಾಂ ಆದರೆ ಎಂಟು ಗಂಟೆಯೊಳಗೆ ದಿನದ್ದೆಲ್ಲ ಹೆಚ್ಚುಕಡಿಮೆ ಮುಗಿದ ಹಾಗೆ. ಆಮೇಲೆ ಬಿಸ್ಕತ್ತು, ಜ್ಯೂಸು, ಯಾರದೋ ಹುಟ್ಟುಹಬ್ಬದ ಚಾಕೊಲೇಟು ಎಲ್ಲ ಮೇಲಿನ ಖಾತೆಗೆ. ಕೆಲವು ಮನೆಗಳಲ್ಲಿ ಸೀರಿಯಲ್ಲಿಗೆ ಸುರಿಯುವ ಹಾಲಿಗೂ ಮಾಲ್ಟ್ ಪುಡಿ ಬೆರೆಸಿರುತ್ತಾರೆ. ಅದರಲ್ಲಿರುವ ಸಕ್ಕರೆಯ ಲೆಕ್ಕ ಬೇರೆ.

ಆದ್ದರಿಂದ ಸರ್ವಿಂಗ್ ಅಂಕಣವನ್ನೂ ಶೇಕಡಾವನ್ನೂ ಬದಿಗಿಟ್ಟು ‘ಪರ್ 100 ಗ್ರಾಂ’ ಅಂಕಣ ಓದುವುದು ಲೇಸು. ಎರಡು ಡಬ್ಬಿಗಳನ್ನು ನ್ಯಾಯವಾಗಿ ಹೋಲಿಸಲು ಇರುವ ದಾರಿ ಅದೊಂದೇ. 5 ಗ್ರಾಮಿನೊಳಗೆ ಇದ್ದರೆ ಸಕ್ಕರೆಯ ಮಟ್ಟಿಗೆ ಚಿಂತೆಯಿಲ್ಲ. 10ರ ಒಳಗೆ ಇದ್ದರೆ ಪರವಾಗಿಲ್ಲ. 20 ದಾಟಿದ್ದನ್ನು ನಾನು ಸಿಹಿತಿಂಡಿಯ ಪಟ್ಟಿಗೆ ಸೇರಿಸುತ್ತೇನೆ. ಭಾನುವಾರ ಸಂಜೆ ಒಂದು ಹಿಡಿ ತಿಂದರೆ ತಪ್ಪಿಲ್ಲ.

“ಇದಕ್ಕೆ ಸಕ್ಕರೆ ಅಲ್ಲ, ಬೆಲ್ಲ, ಜೇನುತುಪ್ಪ ಹಾಕಿದ್ದಾರೆ”

ಬೆಲ್ಲದ ಮೇಲೆ ನಮಗಿರುವ ಪ್ರೀತಿ ದೊಡ್ಡದು, ಅದಕ್ಕೆ ಕಾರಣವೂ ಇದೆ. ಮಂಡ್ಯದ ಆಲೆಮನೆಯಿಂದ ಬಂದ ಅಚ್ಚು ಬೆಲ್ಲದ ಪರಿಮಳ ಸಕ್ಕರೆಗೆಲ್ಲಿ? ಆದರೆ ದೇಹದೊಳಗೆ ಇಳಿದ ಮೇಲೆ ಪರಿಮಳ ಲೆಕ್ಕಕ್ಕೆ ಬರುವುದಿಲ್ಲ. ಬೆಲ್ಲದ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಪಾಲು ಸಕ್ಕರೆಯೇ. ಜೇನಿನಲ್ಲೂ ಸುಮಾರು ಅಷ್ಟೇ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ, ಖನಿಜ ಇವೆ, ಸುಳ್ಳಲ್ಲ. ಅದಕ್ಕಾಗಿ ಬೆಲ್ಲ ತಿನ್ನಹೊರಟರೆ ಕಬ್ಬಿಣಕ್ಕಿಂತ ಮೊದಲು ಸಕ್ಕರೆಯೇ ಹೊಟ್ಟೆ ತುಂಬುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜೇನು, ಪಾಕ, ಹಣ್ಣಿನ ರಸದ ಸಾಂದ್ರ ಎಲ್ಲವೂ ಸಕ್ಕರೆಯ ಪಂಕ್ತಿಯಲ್ಲೇ ಕೂರುತ್ತವೆ.

“ಪಟ್ಟಿಯಲ್ಲಿ ಸಕ್ಕರೆ ಮೊದಲ ಹೆಸರೇನೂ ಅಲ್ಲ”

ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕು ಎಂಬುದು ನಿಯಮ. ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಡಬ್ಬಿಯ ಜಾತಕ ಮುಕ್ಕಾಲು ಪಾಲು ತಿಳಿಯುತ್ತದೆ. ಆದರೆ ಸಕ್ಕರೆಯನ್ನು ಮೂರು ನಾಲ್ಕು ಹೆಸರಿನಲ್ಲಿ ಒಡೆದು ಹಾಕಿದರೆ ಒಂದೊಂದೂ ಕೆಳಗೆ ಸರಿಯುತ್ತದೆ: ಸಕ್ಕರೆ, ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಜೇನು, ಮಾಲ್ಟ್ ಸಾರ. ಎಲ್ಲ ಒಟ್ಟು ಸೇರಿದರೆ ಧಾನ್ಯದ ಹೆಗಲಿಗೇ ಬಂದು ನಿಂತಿರಬಹುದು. ಪಟ್ಟಿ ಓದಿದ ಮೇಲೂ ‘ಆಡೆಡ್ ಶುಗರ್ಸ್’ ಸಾಲಿಗೆ ಹೋಗಲೇಬೇಕಾದದ್ದು ಇದಕ್ಕೆ. ಅಲ್ಲಿ ಎಲ್ಲ ಹೆಸರಿನ ಸಕ್ಕರೆಯೂ ಒಂದೇ ಅಂಕಿಯಾಗಿ ನಿಲ್ಲಬೇಕು.

“ಸಕ್ಕರೆ ಹಾಕಿಲ್ಲದ್ದು ತಿಂದರೆ ಶುಗರ್ ಏರಲ್ಲ”

ಮಧುಮೇಹ ಇರುವ ಹಿರಿಯರ ಬಾಯಲ್ಲಿ ಹೆಚ್ಚು ಕೇಳಿಬರುವ ಮಾತು ಇದು, ಹೆಚ್ಚು ಅಪಾಯದ್ದೂ ಇದೇ. ರಕ್ತದ ಗ್ಲೂಕೋಸ್ ಏರಿಸಲು ಸಕ್ಕರೆಯೇ ಬೇಕೆಂದಿಲ್ಲ. ಬೇಗ ಕರಗುವ ಪಿಷ್ಟ ಸಾಕು.

ಕಾರ್ನ್ ಫ್ಲೇಕ್ಸ್ ಹೇಗೆ ಆಗುತ್ತದೆ ನೋಡಿ. ಮೆಕ್ಕೆಜೋಳದ ಹೊಟ್ಟು, ಮೊಳಕೆಯ ಭಾಗ ತೆಗೆದು ನುಚ್ಚು ಮಾಡುತ್ತಾರೆ. ಅಲ್ಲಿಗೆ ನಾರು, ಎಣ್ಣೆ, ಬಹುಪಾಲು ವಿಟಮಿನ್ ಹೋದವು. ನುಚ್ಚನ್ನು ಸಕ್ಕರೆ, ಮಾಲ್ಟ್, ಉಪ್ಪಿನ ಜೊತೆ ಹಬೆಯ ಒತ್ತಡದಲ್ಲಿ ಬೇಯಿಸಿ, ಒಣಗಿಸಿ, ಭಾರದ ಉರುಳೆಗಳ ನಡುವೆ ತೆಳ್ಳಗೆ ಒತ್ತಿ, ಜೋರು ಶಾಖದಲ್ಲಿ ಹುರಿಯುತ್ತಾರೆ. ಇಷ್ಟಾದ ಪಿಷ್ಟ ಅರ್ಧ ಜೀರ್ಣವಾದ ಸ್ಥಿತಿಯಲ್ಲೇ ಬಟ್ಟಲಿಗೆ ಬರುತ್ತದೆ, ಹೊಟ್ಟೆಗೆ ಉಳಿದ ಕೆಲಸ ಅಲ್ಪ. ಆಹಾರ ರಕ್ತದ ಗ್ಲೂಕೋಸನ್ನು ಎಷ್ಟು ಬೇಗ ಏರಿಸುತ್ತದೆ ಎಂದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕದಲ್ಲಿ ಶುದ್ಧ ಗ್ಲೂಕೋಸಿಗೆ 100. 2008ರ ಅಂತರರಾಷ್ಟ್ರೀಯ ಕೋಷ್ಟಕದಲ್ಲಿ ಕಾರ್ನ್ ಫ್ಲೇಕ್ಸ್ ಸರಾಸರಿ 81. ಕಾರ್ನ್ ಫ್ಲೇಕ್ಸಿನಲ್ಲಿ ಸಕ್ಕರೆ ಹೆಚ್ಚೇನೂ ಇರುವುದಿಲ್ಲ. ಅಂಕಿ ಏರಿದ್ದು ಪಿಷ್ಟದಿಂದ, ಅದನ್ನು ಬೇಯಿಸಿ ಒತ್ತಿದ ರೀತಿಯಿಂದ.

ಓಟ್ಸಿನ ಕಥೆ ಇದನ್ನು ಇನ್ನೂ ಚೆನ್ನಾಗಿ ಹೇಳುತ್ತದೆ. ಅದೇ ಕೋಷ್ಟಕದಲ್ಲಿ ದಪ್ಪ ಅವಲಕ್ಕಿಯಂತೆ ಒತ್ತಿದ ರೋಲ್ಡ್ ಓಟ್ಸಿನ ಗಂಜಿಗೆ 55, ಎರಡೇ ನಿಮಿಷದಲ್ಲಿ ಕದಡಿಬಿಡುವ ಇನ್‌ಸ್ಟಂಟ್ ಓಟ್ಸಿಗೆ 79. ಧಾನ್ಯ ಒಂದೇ, ಎರಡರಲ್ಲೂ ಸಕ್ಕರೆ ಹಾಕಿಲ್ಲ. ಚೂರು ತೆಳುವಾದಷ್ಟೂ ಓಟ ಜೋರು. ‘ಓಟ್ಸ್ ತಿನ್ನಿ’ ಎಂದು ವೈದ್ಯರು ಹೇಳಿದ್ದನ್ನು ಕೇಳಿಕೊಂಡು ಮಸಾಲೆ ಪೊಟ್ಟಣದ ಇನ್‌ಸ್ಟಂಟ್ ತರುವವರಿಗೆ ಸಿಗುವುದು ಬೇರೆಯೇ ಸಾಮಾನು, ಅದರ ಮೇಲೆ ಉಪ್ಪು ಬೇರೆ. ಸಕ್ಕರೆಯ ಸಾಲಿನ ಕೆಳಗೆ ಸೋಡಿಯಂ ಸಾಲೂ ಇದೆ, ಅದನ್ನೂ ಓದಿ. ಇನ್ನು ಪಟ್ಟಿಯಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಎಂಬ ಹೆಸರು ಕಂಡರೆ ನೆನಪಿಡಿ: ಅದು ಸಕ್ಕರೆಯ ಸಾಲಿನಲ್ಲಿ ಎಣಿಕೆಗೆ ಸಿಗುವುದಿಲ್ಲ, ಆದರೆ ಗ್ಲೂಕೋಸನ್ನು ಏರಿಸುವುದರಲ್ಲಿ ಸಕ್ಕರೆಗೆ ಹಿಂದೆ ಬೀಳುವುದಿಲ್ಲ.

ಹೀಗಾಗಿ ‘ಸಕ್ಕರೆ ಎಷ್ಟು’ ಎಂಬ ಪ್ರಶ್ನೆಯ ಬೆನ್ನಿಗೇ ‘ನಾರು ಎಷ್ಟು’ ಎಂದು ಕೇಳಬೇಕು. 100 ಗ್ರಾಮಿಗೆ 6 ಗ್ರಾಂ ನಾರಿದ್ದರೆ ‘ಹೈ ಫೈಬರ್’ ಎನ್ನಲು ನಿಯಮ ಒಪ್ಪುತ್ತದೆ. ಬರೀ ಓಟ್ಸಿನಲ್ಲಿ ಸುಮಾರು 10 ಇರುತ್ತದೆ. ಮಧುಮೇಹ ಇರುವವರಿಗೆ ಒಂದು ಸಲಹೆ: ಹೊಸ ಸೀರಿಯಲ್ ತಂದ ದಿನ ತಿಂದು ಎರಡು ಗಂಟೆಯ ನಂತರ ಗ್ಲುಕೋಮೀಟರಿನಲ್ಲಿ ಪರೀಕ್ಷಿಸಿಕೊಳ್ಳಿ, ಅಂಕಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಯಾವ ಕೋಷ್ಟಕಕ್ಕಿಂತಲೂ ಅದು ನಿಮ್ಮದೇ ಉತ್ತರ.

“ಮಲ್ಟಿಗ್ರೇನ್, ರಾಗಿ ಹಾಕಿದ್ದು”

ಮಲ್ಟಿಗ್ರೇನ್ ಎಂದರೆ ಒಂದಕ್ಕಿಂತ ಹೆಚ್ಚು ಧಾನ್ಯ, ಅಷ್ಟೇ. ಅವು ಇಡಿಯಾಗಿವೆಯೋ ಹೊಟ್ಟು ತೆಗೆದವೋ ಎಂಬುದನ್ನು ಆ ಪದ ಹೇಳುವುದಿಲ್ಲ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲೆ ಡಬ್ಬಿಗಳ ಮೇಲೆ ರಾಗಿ ತೆನೆ ತೂಗಾಡತೊಡಗಿತು. ಸಂತೋಷವೇ. ರಾಗಿಯ ಗುಣ ದೊಡ್ಡದು: 100 ಗ್ರಾಮಿನಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು. ಆದರೆ ಯಾವುದರ ಚಿತ್ರ ಅಥವಾ ಹೆಸರನ್ನು ಎತ್ತಿ ತೋರಿಸುತ್ತಾರೋ ಅದು ಶೇಕಡಾ ಎಷ್ಟಿದೆ ಎಂದು ಪಟ್ಟಿಯಲ್ಲಿ ಬರೆಯಬೇಕೆಂಬ ನಿಯಮ ಇದೆ. ಆವರಣದೊಳಗಿನ ಆ ಅಂಕಿ ಹುಡುಕಿ. ಮೊದಲು ಅಕ್ಕಿ ಹಿಟ್ಟು, ಆಮೇಲೆ ಸಕ್ಕರೆ, ಅದರ ನಂತರ ‘ರಾಗಿ ಹಿಟ್ಟು 8%’ ಎಂದಿದ್ದರೆ ಅದು ರಾಗಿಯ ಚಿತ್ರ ಇರುವ ಅಕ್ಕಿ ತಿಂಡಿ.

“ಮ್ಯೂಸ್ಲಿ ಎಂದರೆ ಎಲ್ಲಕ್ಕಿಂತ ಒಳ್ಳೆಯದು”

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಸ್ವಿಸ್ ವೈದ್ಯ ಬಿರ್ಷರ್-ಬೆನ್ನರ್ ಮಾಡಿದ ಮ್ಯೂಸ್ಲಿಯಲ್ಲಿ ಹೆಚ್ಚಿನ ಪಾಲು ತುರಿದ ಸೇಬು. ನೆನೆಸಿದ ಓಟ್ಸ್ ಒಂದೇ ಚಮಚ. ಈಗಿನ ಡಬ್ಬಿಯಲ್ಲಿ ಹೊಳೆಯುವ ಕೆಂಪು ಹಳದಿ ತುಣುಕುಗಳು ಹಲವು ಸಲ ಸಕ್ಕರೆ ಪಾಕದಲ್ಲಿ ಮುಳುಗಿಸಿ ಒಣಗಿಸಿದ ಪಪ್ಪಾಯಿ, ಅನಾನಸು. ಒಣ ಕ್ರ್ಯಾನ್‌ಬೆರಿಯೂ ಸಾಮಾನ್ಯವಾಗಿ ಹಾಗೆಯೇ. ಗ್ರಾನೋಲಾ ಆದರೆ ಎಣ್ಣೆ, ಸಿಹಿ ಪಾಕದಲ್ಲಿ ಕಲಸಿ ಬೇಯಿಸಿದ್ದು. ಉಂಡೆಯಾಗಿ ಅಂಟಿಕೊಂಡಿರುವುದು ಅದರಿಂದಲೇ. ಸಕ್ಕರೆ ಹಾಕದ ಮ್ಯೂಸ್ಲಿಯೂ ಸಿಗುತ್ತದೆ, ಕೆಳಗಿನ ಅರೆಯಲ್ಲಿ ಹುಡುಕಬೇಕು. ಬರೀ ಓಟ್ಸ್ ತಂದು ಬಾದಾಮಿ, ಶೇಂಗಾ, ನಾಲ್ಕು ಒಣದ್ರಾಕ್ಷಿ ನೀವೇ ಬೆರೆಸಿದರೆ ಅರ್ಧ ದುಡ್ಡಿಗೆ ಅದಕ್ಕಿಂತ ಒಳ್ಳೆಯದಾಗುತ್ತದೆ.

“ಕಬ್ಬಿಣ, ಹತ್ತು ವಿಟಮಿನ್ ಇದೆಯಂತೆ”

ಇರುತ್ತದೆ, ಸುಳ್ಳಲ್ಲ. ಕಬ್ಬಿಣ ಸೇರಿಸಿದ ಸೀರಿಯಲ್ಲನ್ನು ನುಣ್ಣಗೆ ಪುಡಿಮಾಡಿ ನೀರಿನಲ್ಲಿ ಕದಡಿ ಗಟ್ಟಿ ಅಯಸ್ಕಾಂತ ಆಡಿಸಿದರೆ ಎಷ್ಟೋ ಸಲ ಅದರ ತುದಿಗೆ ಕಪ್ಪು ಧೂಳು ಅಂಟುತ್ತದೆ. ಅದು ಲೋಹದ ಕಬ್ಬಿಣವೇ. ಮಕ್ಕಳಿಗೆ ಮಾಡಿ ತೋರಿಸಿ, ಖುಷಿಪಡುತ್ತಾರೆ. ಆದರೆ ಕಾರ್ಖಾನೆಯಲ್ಲಿ ಧಾನ್ಯದ ಸಾರ ತೆಗೆದು ಆಮೇಲೆ ಕೆಲವನ್ನು ಮರಳಿ ಉದುರಿಸುವುದರಿಂದ ಮೂರನೇ ಒಂದು ಪಾಲು ಸಕ್ಕರೆಗೆ ಮಾಫಿ ಸಿಗುವುದಿಲ್ಲ. ‘ಆರೋಗ್ಯ’ ಎಂಬ ಪದ ಎಷ್ಟು ಸಡಿಲ ಎನ್ನುವುದಕ್ಕೆ 2024ರ ಏಪ್ರಿಲ್ ನೆನಪಿಸಿಕೊಳ್ಳಬಹುದು. ನಮ್ಮ ಆಹಾರ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವ್ಯಾಖ್ಯೆಯೇ ಇಲ್ಲ, ಹಾಗಾಗಿ ಮಾಲ್ಟ್ ಪುಡಿಗಳನ್ನು ಆ ಹೆಸರಿನ ಕೆಳಗೆ ಇಡಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಬೇಕಾಯಿತು.

“ಅವಲಕ್ಕಿ, ಹುರಿಹಿಟ್ಟು ಹಳೇ ಕಾಲದ್ದು”

ಬೇಯಿಸಿ, ಒತ್ತಿ, ಒಣಗಿಸಿ ಇಟ್ಟುಕೊಂಡು ಬೇಕಾದಾಗ ಹಾಲು ಮೊಸರು ಸುರಿದು ತಿನ್ನುವ ಧಾನ್ಯವೇ ಸೀರಿಯಲ್ ಎಂದಾದರೆ, ಅವಲಕ್ಕಿ ಯಾವತ್ತಿನಿಂದಲೂ ಸೀರಿಯಲ್ಲೇ. ನಾಗರಪಂಚಮಿಗೆ ಉತ್ತರ ಕರ್ನಾಟಕದಲ್ಲಿ ಹುರಿಯುವ ಜೋಳದ ಅರಳು ಕೂಡ. ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟಿಗೆ ಒಲೆಯೂ ಬೇಡ: ಬಟ್ಟಲಿಗೆ ಮೂರು ಚಮಚ, ಮಜ್ಜಿಗೆ, ಚಿಟಿಕೆ ಉಪ್ಪು. ಹೊಟ್ಟು ಸಮೇತ ಇಡೀ ಧಾನ್ಯ, ಸೇರಿಸಿದ ಸಕ್ಕರೆ ಸೊನ್ನೆ. ಹಾಗೆಂದು ನಮ್ಮದೆಲ್ಲ ಅಮೃತ ಎನ್ನಲಾರೆ. ತೆಳು ಬಿಳಿ ಅವಲಕ್ಕಿಯ ಪಿಷ್ಟವೂ ಬೇಗ ಕರಗುವಂಥದ್ದೇ, ಬೆಲ್ಲ ತೆಂಗಿನಕಾಯಿ ಬೆರೆಸಿದರೆ ಅದೂ ಸಿಹಿತಿಂಡಿಯೇ. ಕೆಂಪು ದಪ್ಪ ಅವಲಕ್ಕಿ, ಮೊಸರು, ಒಂದು ಹಿಡಿ ಶೇಂಗಾ ಇದ್ದರೆ ಮಾತು ಬೇರೆ. ಹುರಿಹಿಟ್ಟಿನ ವಿಷಯದಲ್ಲಿ ಮಾತ್ರ ನಾನು ಪಕ್ಷಪಾತಿ.

“ಸಪ್ಪೆಯಾದರೆ ಮಕ್ಕಳು ಮುಟ್ಟಲ್ಲ”

ಒಂದೇ ದಿನಕ್ಕೆ ಬದಲಾಯಿಸಿದರೆ ಮುಟ್ಟುವುದಿಲ್ಲ, ನಿಜ. ಸಿಹಿ ಸೀರಿಯಲ್ಲಿನ ಡಬ್ಬಿಗೇ ಸಪ್ಪೆಯದನ್ನು ಕಾಲು ಭಾಗ ಬೆರೆಸಿ, ಕೆಲವು ವಾರ ಬಿಟ್ಟು ಅರ್ಧ ಮಾಡಿ, ಆಮೇಲೆ ಮುಕ್ಕಾಲು. ಏಲಕ್ಕಿ ಬಾಳೆಹಣ್ಣು ಹೆಚ್ಚಿ ಹಾಕಿದರೆ ಈ ಬದಲಾವಣೆ ಎಷ್ಟೋ ಮಕ್ಕಳ ಗಮನಕ್ಕೂ ಬರುವುದಿಲ್ಲ. ಅದಕ್ಕೂ ಒಪ್ಪದ ಹಟಮಾರಿಯ ಕೈಗೆ ಸಕ್ಕರೆ ಚಮಚವನ್ನೇ ಕೊಟ್ಟುಬಿಡಿ. ಕೇಳಲು ವಿಚಿತ್ರ ಅನ್ನಿಸಬಹುದು, ಆದರೆ ಲೆಕ್ಕ ಹಾಕಿ: 100 ಗ್ರಾಮಿಗೆ 8 ಗ್ರಾಂ ಸಕ್ಕರೆ ಇರುವ ಸಾದಾ ಚೂರು 30 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಎರಡೂವರೆ ಗ್ರಾಂ. ಮೇಲೆ ಮಗು ತಾನೇ ಉದುರಿಸಿಕೊಂಡ ಒಂದು ಚಮಚ, 4 ಗ್ರಾಂ. ಒಟ್ಟು ಆರೂವರೆ. ಚಾಕೊಲೇಟ್ ಡಬ್ಬಿಯ ಒಂಬತ್ತಕ್ಕಿಂತ ಇದು ಕಮ್ಮಿಯೇ, ಮತ್ತು ಚಮಚವನ್ನು ಮುಂದಿನ ತಿಂಗಳು ಅರ್ಧ ಮಾಡಬಹುದು.